ಬೆಂಕಿ ಸಾವು, ಹದಿನೇಳನೇ ಟೇಕ್

2013ರಲ್ಲಿ ನಾನು ಲೀಡ್ಸ್ ನಗರದ ಒಂದು ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಆಡಿಯೋ ಲೀಡ್ ಆಗಿದ್ದೆ. ಆಟದಲ್ಲಿ ಕಿವಿಗೆ ಬೀಳುವ ಪ್ರತಿಯೊಂದು ಸದ್ದಿನ ಹೊಣೆಯೂ ಆ ಹುದ್ದೆಯವನದು. ಬಾಗಿಲಿನ ಕಿರುಗುಟ್ಟುವಿಕೆಯೂ ಅದರಲ್ಲೇ ಬಂತು, ಇಡೀ ನಗರ ಕುಸಿದು ಬೀಳುವ ಸದ್ದೂ ಅದರಲ್ಲೇ ಬಂತು. ಅದೇ ಸ್ಟುಡಿಯೋದಲ್ಲಿ ಆರು ವರ್ಷ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಿದ ಮೇಲೆ ಆ ಹುದ್ದೆ ಸಿಕ್ಕಿತ್ತು. ಸಿಕ್ಕಿ ಎರಡೇ ತಿಂಗಳಾಗಿತ್ತು.

ನಾನು ಧಾರವಾಡದವನು. ಇಂಗ್ಲೆಂಡಿಗೆ ಓದಲು ಬರುವ ಮುಂಚೆ ಹುಬ್ಬಳ್ಳಿಯ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನಾಲ್ಕು ವರ್ಷ ದುಡಿದಿದ್ದೆ. ಭಜನೆ, ವಚನ ಗಾಯನದ ಕ್ಯಾಸೆಟ್ಟುಗಳು ಅಲ್ಲಿ ತಯಾರಾಗುತ್ತಿದ್ದವು. ಹಾಡುವವರು ಬಿಸಿನೀರಿನ ಫ್ಲಾಸ್ಕು ಹಿಡಿದೇ ಒಳಗೆ ಬರುತ್ತಿದ್ದರು, ದವಡೆಯಲ್ಲಿ ಜ್ಯೇಷ್ಠಮಧುವಿನ ಚೂರು ಇಟ್ಟುಕೊಂಡಿರುತ್ತಿದ್ದರು. ರೆಕಾರ್ಡಿಂಗ್ ದಿನ ಬೆಳಗಿನಿಂದ ಯಾರ ಹತ್ತಿರವೂ ಮಾತಾಡದ ಒಬ್ಬ ಹಿರಿಯರಿದ್ದರು. ಏನು ಕೇಳಿದರೂ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಇದನ್ನೆಲ್ಲ ಮೊದಲೇ ಹೇಳಲು ಕಾರಣವಿದೆ. ಮನುಷ್ಯನ ಗಂಟಲು ಎಷ್ಟು ನಾಜೂಕಾದದ್ದು ಎಂದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಚೆನ್ನಾಗಿ ಗೊತ್ತಿತ್ತು.

ನಾವು ಆಗ ಮಾಡುತ್ತಿದ್ದದ್ದು ರಿಯಲ್-ಟೈಮ್ ಸ್ಟ್ರಾಟೆಜಿ ಎಂಬ ಬಗೆಯ ಆಟ. ಚದುರಂಗದಲ್ಲಿ ನೀವು ಒಂದು ಕಾಯಿ ನಡೆಸಿ ಎದುರಾಳಿಯ ಸರದಿಗೆ ಕಾಯುತ್ತೀರಿ. ಇಲ್ಲಿ ಸರದಿ ಇಲ್ಲ. ರಣರಂಗವನ್ನು ಮೇಲಿನಿಂದ ನೋಡುತ್ತಾ ನೂರಾರು ಸೈನಿಕರನ್ನು ಏಕಕಾಲಕ್ಕೆ ನಡೆಸಬೇಕು, ನೀವು ಯೋಚಿಸುತ್ತಾ ಕೂತರೂ ಯುದ್ಧ ನಿಲ್ಲುವುದಿಲ್ಲ. ನಮ್ಮ ಕಥೆ ನಡೆಯುತ್ತಿದ್ದದ್ದು ಬಹು ದೂರದ ಭವಿಷ್ಯದಲ್ಲಿ. ಸೂರ್ಯರು ಒಬ್ಬೊಬ್ಬರಾಗಿ ಆರುತ್ತಿದ್ದಾರೆ. ಉಳಿದ ಬೆಳಕಿಗಾಗಿ ಸಾವಿರಾರು ವರ್ಷಗಳಿಂದ ಯುದ್ಧ ನಡೆದಿದೆ. ಗಣಿಗಳಿಂದ ಬಲವಂತವಾಗಿ ಎಳೆತಂದ ಕೂಲಿಗಳು ಅದರಲ್ಲಿ ಕಾಲಾಳುಗಳು. ಅವರನ್ನು 'ಗಣಿಪಡೆ' ಎನ್ನುತ್ತಿದ್ದೆವು. ಆಟಗಾರ ಅವರನ್ನು ಲೆಕ್ಕವಿಲ್ಲದೆ ಸಾಯಿಸಬಹುದು. ಒಬ್ಬ ಸತ್ತರೆ ಹತ್ತು ಸೆಕೆಂಡಿನಲ್ಲಿ ಇನ್ನೊಬ್ಬ ಬರುತ್ತಾನೆ.

ಇಂಥ ಆಟದಲ್ಲಿ ಸೈನಿಕರ ಮುಖ ಕಾಣುವುದಿಲ್ಲ, ಅಕ್ಕಿಕಾಳಿನಷ್ಟೇ ಕಾಣುತ್ತಾರೆ. ಅವರು ಮನುಷ್ಯರು ಅನ್ನಿಸುವುದು ಧ್ವನಿಯಿಂದ ಮಾತ್ರ. ಆಟಗಾರ ಕ್ಲಿಕ್ ಮಾಡಿದಾಗ ಅವರು ಆಡುವ ಚುಟುಕು ಮಾತಿಗೆ ನಮ್ಮ ಕಸುಬಿನಲ್ಲಿ ಬಾರ್ಕ್ ಎನ್ನುತ್ತಾರೆ. 'ಹೇಳಿ ಸಾರ್', 'ಹೊರಟೆವು', 'ಗುಂಡು ಬೀಳ್ತಿದೆ' ಎಂಬಂಥವು. ಕೊನೆಯಲ್ಲಿ ಸಾವಿನ ಕೂಗುಗಳು. ಗುಂಡಿಗೆ ಸಾಯುವವನು ಒಂದು ಥರ ಕೂಗಬೇಕು, ಸ್ಫೋಟಕ್ಕೆ ಸಿಕ್ಕವನು ಇನ್ನೊಂದು ಥರ. ಕಲ್ಲಿನಡಿ ಸಿಕ್ಕವನದು, ವಿಷಗಾಳಿ ಕುಡಿದವನದು, ಬೆಂಕಿಗೆ ಬಿದ್ದವನದು ಎಲ್ಲ ಬೇರೆ ಬೇರೆ. ಆಗ ನನಗೆ ಇವು ಬರೀ ಎಕ್ಸೆಲ್ ಶೀಟಿನ ಸಾಲುಗಳಾಗಿದ್ದವು.

ಗಣಿಪಡೆಗೆ ಲೀಡ್ಸ್ ಇರುವ, ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳಿದ್ದ ಯಾರ್ಕ್‌ಷೈರ್ ಸೀಮೆಯ ಧಾಟಿಯ ಧ್ವನಿ ಬೇಕೆಂದು ನಿರ್ಧರಿಸಿದ್ದೆವು. ಮೂವತ್ತಕ್ಕೂ ಹೆಚ್ಚು ನಟರು ಬಂದು ಹೋದರು. ಎಲ್ಲರೂ ಸೈನಿಕರಂತೆ ನಟಿಸುತ್ತಿದ್ದರು, ಒಬ್ಬರೂ ಗಣಿಯಿಂದ ಬಂದವರಂತೆ ಕೇಳಿಸುತ್ತಿರಲಿಲ್ಲ. ಆಗ ಬಂದವರು ಡೆನ್ನಿಸ್. ಅದೇ ಸೀಮೆಯ ಹಡರ್ಸ್‌ಫೀಲ್ಡ್‌ ಊರಿನವರು, ಅರವತ್ತೆರಡು ವರ್ಷ, ಬಸ್ ಡಿಪೋದಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ನಟನೆ ಗೊತ್ತಿಲ್ಲ. ಆದರೆ ಊರಿನ ಒಂದು ಕಾಯರ್‌ನಲ್ಲಿ, ಅಂದರೆ ಹತ್ತಾರು ಜನ ಸೇರಿ ಹಾಡುವ ತಂಡದಲ್ಲಿ, ಮೂವತ್ತನಾಲ್ಕು ವರ್ಷದಿಂದ ಬೇಸ್ ದನಿಯಲ್ಲಿ ಹಾಡುತ್ತಿದ್ದರು. ಅತ್ಯಂತ ಕೆಳಗಿನ ಸ್ಥಾಯಿಯ ಗಂಡು ದನಿ ಅದು. ಆ ಊರಿನಲ್ಲಿ ಕಾಯರ್ ಎಂದರೆ ನಮ್ಮಲ್ಲಿ ಗರಡಿಮನೆ ಇದ್ದ ಹಾಗೆ. ಅಪ್ಪ ಹಾಡಿದ್ದಿರುತ್ತಾನೆ, ಅಜ್ಜ ಹಾಡಿದ್ದಿರುತ್ತಾನೆ. ಡೆನ್ನಿಸ್ ಹೆಂಡತಿಯನ್ನು ಕಂಡದ್ದೂ ಕಾಯರ್‌ನಲ್ಲೇ.

ಅವರು ಮೈಕಿನ ಮುಂದೆ ನಿಂತು ಕೊಟ್ಟ ಸಾಲನ್ನು ಓದಿದರು. 'ಹೊರಟೆವು ಸಾರ್.' ಅಷ್ಟೇ. ಬೆಳಗಿನ ಪಾಳಿಗೆ ಹೊರಡುವವನು ಹೇಳುವಂತೆ ಹೇಳಿದರು. ಪಕ್ಕದಲ್ಲಿ ಕೂತಿದ್ದ ನಮ್ಮ ಪ್ರೊಡ್ಯೂಸರ್ ಹೆಲೆನ್ ಪೆನ್ನು ಕೆಳಗಿಟ್ಟು, "ಹುಡುಕಾಟ ಮುಗಿಯಿತು," ಎಂದಳು.

ಸೆಪ್ಟೆಂಬರಿನ ಒಂದು ಗುರುವಾರ ಮತ್ತು ಶುಕ್ರವಾರ ರೆಕಾರ್ಡಿಂಗ್ ಇಟ್ಟುಕೊಂಡೆವು. ಗುರುವಾರ ಸಾಧಾರಣ ಮಾತುಗಳು, ಶುಕ್ರವಾರ ಮಧ್ಯಾಹ್ನ ಕೂಗಾಟ. ಕಿರುಚುವ ಕೆಲಸ ಎರಡು ಗಂಟೆ ಮೀರಬಾರದು ಎಂದು ಹೆಲೆನ್ ವೇಳಾಪಟ್ಟಿಯಲ್ಲೇ ಬರೆದಿದ್ದಳು. ಎರಡರಿಂದ ನಾಲ್ಕು.

ಗುರುವಾರ ಸೊಗಸಾಗಿ ಕಳೆಯಿತು. ಡೆನ್ನಿಸ್ ನನ್ನ ಹೆಸರನ್ನು 'ಮಲ್ಲಿಕಾರ್ಜುನ' ಎಂದು ಪೂರ್ತಿಯಾಗಿ ಹೇಳಲು ಕಲಿತರು. ಆದರೂ ಕರೆಯುತ್ತಿದ್ದದ್ದು 'ಲ್ಯಾಡ್' ಎಂದೇ. ಆ ಸೀಮೆಯಲ್ಲಿ ತಮಗಿಂತ ಕಿರಿಯ ಗಂಡಸರನ್ನು ಪ್ರೀತಿಯಿಂದ ಕರೆಯುವುದು ಹಾಗೆ, ನಮ್ಮಲ್ಲಿ 'ತಮ್ಮಾ' ಎನ್ನುವಂತೆ. ನನಗಾಗ ಮೂವತ್ತೇಳು. ಹುಬ್ಬಳ್ಳಿಯ ಗಾಯಕರ ಕಥೆಗಳನ್ನು ಹೇಳಿದೆ. ಚೀಟಿ ಬರೆದು ತೋರಿಸುತ್ತಿದ್ದವರ ಕಥೆ ಕೇಳಿ ಅವರು ಬಹಳ ನಕ್ಕರು. "ನಮ್ಮ ಕಾಯರ್‌ನಲ್ಲೂ ಅಂಥವರು ಇಬ್ಬರಿದ್ದಾರೆ. ಟೆನರ್‌ಗಳು, ಮೇಲಿನ ಸ್ಥಾಯಿಯವರು. ಅವರು ಯಾವಾಗ್ಲೂ ಹಾಗೇನೇ," ಎಂದರು.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಸಾವಿನ ಕೂಗುಗಳನ್ನು ಶುರು ಮಾಡಿದೆವು. ನಾನು ಗಾಜಿನ ಈಚೆ ಕಂಟ್ರೋಲ್ ರೂಮಿನಲ್ಲಿ ಒಬ್ಬನೇ ಇದ್ದೆ, ಅವರು ಆಚೆ. ನಡುವೆ ಟಾಕ್‌ಬ್ಯಾಕ್ ಗುಂಡಿ. ಅದನ್ನು ಒತ್ತಿದರೆ ಮಾತ್ರ ನನ್ನ ಮಾತು ಅವರ ಹೆಡ್‌ಫೋನಿಗೆ ಹೋಗುತ್ತದೆ. ಗುಂಡು, ಸ್ಫೋಟ, ಕಲ್ಲು ಮುಗಿದವು. ವಿಷಗಾಳಿಯ ಸಾವು ಗಂಟಲು ಕಟ್ಟಿ ಸಾಯುವುದು, ಸದ್ದು ಸಣ್ಣದು. ಅದಕ್ಕಾಗಿ ನಾನು ಗೇನ್ ಏರಿಸಿದೆ. ಗೇನ್ ಎಂದರೆ ಮೈಕು ಎಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳಬೇಕೆಂದು ನಿಗದಿ ಮಾಡುವ ತಿರುಗುಣಿ. ಆಮೇಲೆ ಬೆಂಕಿಯ ಸಾವು. ಅದು ಎಲ್ಲಕ್ಕಿಂತ ದೊಡ್ಡ ಕೂಗು. ಅದಕ್ಕೆ ಮುಂಚೆ ಗೇನ್ ಇಳಿಸಬೇಕಿತ್ತು. ನಾನು ಇಳಿಸಲಿಲ್ಲ. ಸ್ಪೀಕರಿನ ಸದ್ದು ಕಡಿಮೆ ಇಟ್ಟುಕೊಂಡು ಶೀಟಿನಲ್ಲಿ ಟಿಕ್ ಹಾಕುತ್ತಾ ಕೂತಿದ್ದೆ.

ಡೆನ್ನಿಸ್ ಎಂಟು ಟೇಕ್ ಕೊಟ್ಟರು. ಮೂರನೆಯದನ್ನು ನಾನು ಇವತ್ತಿಗೂ ಮರೆತಿಲ್ಲ. ಕೂಗು ಮೇಲೇರಿ, ಕೊನೆಯಲ್ಲಿ ಯಾರನ್ನೋ ಹೆಸರು ಹಿಡಿದು ಕರೆಯಲು ಹೋಗಿ ನಿಂತುಹೋಗುತ್ತಿತ್ತು. ಮೂರೂ ಮುಕ್ಕಾಲಿಗೆ ಅವರು ಹೆಡ್‌ಫೋನ್ ತೆಗೆದಿಟ್ಟು ಚಹಾ ಮಾಡಿಕೊಳ್ಳಲು ಅಡುಗೆಮನೆಗೆ ಹೋದರು. ನಾನು ಕಿವಿಗೆ ಹೆಡ್‌ಫೋನ್ ಹಾಕಿ ಒಮ್ಮೆ ಕೇಳಿದೆ.

ಎಂಟೂ ಟೇಕ್ ಕೆಟ್ಟಿದ್ದವು. ಕೂಗಿನ ತುದಿಯೆಲ್ಲ ಹರಿದ ಸ್ಪೀಕರಿನ ಹಾಗೆ ಗರಗರ ಎನ್ನುತ್ತಿತ್ತು. ಪಾತ್ರೆಗೆ ಹಿಡಿಸದಷ್ಟು ನೀರು ಹೊಯ್ದರೆ ಹೊರಚೆಲ್ಲಿದ್ದು ಮರಳಿ ಸಿಗುವುದಿಲ್ಲವಲ್ಲ, ಹಾಗೆಯೇ ಇದು. ಕ್ಲಿಪ್ಪಿಂಗ್ ಎನ್ನುತ್ತೇವೆ. ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ಕಾಲೇಜಿನ ಮೊದಲ ವಾರದಲ್ಲಿ ಕಲಿಸುವ ಪಾಠ ಅದು. ಹೊಸದಾಗಿ ಲೀಡ್ ಆದವನು ಮಾಡಿದ ತಪ್ಪು ಅದು.

ಆಗ ನನ್ನ ಮುಂದೆ ಇದ್ದ ದಾರಿ ಕಷ್ಟದ್ದೇನಲ್ಲ. ನನ್ನಿಂದ ತಪ್ಪಾಯಿತು ಎಂದು ಡೆನ್ನಿಸ್‌ಗೆ ಹೇಳಬಹುದಿತ್ತು. ಬೇರೆ ದಿನ ಬೇಕೆಂದು ಹೆಲೆನ್‌ಗೆ ಹೇಳಬಹುದಿತ್ತು. ಸೋಮವಾರ ಈ ಧ್ವನಿಗಳು ಟ್ರೇಲರಿಗೆ ಹೋಗಬೇಕಿತ್ತು ನಿಜ, ಆದರೆ ಒಂದೆರಡು ದಿನ ತಡವಾದರೆ ಪ್ರಳಯವೇನೂ ಆಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ಇಷ್ಟು ವರ್ಷ ಹುಡುಕಿದರೂ ನನಗೆ ಸಿಕ್ಕಿಲ್ಲ.

ಡೆನ್ನಿಸ್ ಮರಳಿ ಬಂದು ಮೈಕಿನ ಮುಂದೆ ನಿಂತರು. ನಾನು ಗೇನ್ ಇಳಿಸಿ, ಟಾಕ್‌ಬ್ಯಾಕ್ ಗುಂಡಿ ಒತ್ತಿದೆ.

"ಡೆನ್ನಿಸ್, ಬೆಂಕಿಯದನ್ನ ಇನ್ನೊಂದು ಸಲ ನೋಡೋಣ. ಅದರಲ್ಲಿ ನೋವು ಸಾಲ್ತಾ ಇಲ್ಲ."

ಅವರು ಒಂದು ಕ್ಷಣ ಕೈಯಲ್ಲಿದ್ದ ಕಾಗದ ನೋಡಿದರು. "ಸಾಲ್ತಾ ಇಲ್ವಾ? ನನಗೂ ಹಾಗೇ ಅನ್ನಿಸ್ತು, ಲ್ಯಾಡ್. ಸರಿ, ಮಾಡೋಣ."

ಅನ್ನಿಸಿರಲಿಕ್ಕಿಲ್ಲ. ನಾನು ಹೇಳಿದೆನೆಂದು ಹಾಗೆಂದರು. ಒಂಬತ್ತು, ಹತ್ತು, ಹನ್ನೊಂದು. ಹನ್ನೆರಡರ ನಂತರ ಕೆಮ್ಮಿ, ನೀರು ಕುಡಿದು ಹೇಳಿದರು: "ಗಂಟಲು ಒಣಗ್ತಾ ಇದೆ. ಭಾನುವಾರ ಪ್ರಾಕ್ಟೀಸ್ ಇದೆ, ಅದಕ್ಕೂ ಸ್ವಲ್ಪ ಉಳಿಸ್ಕೋಬೇಕು."

"ಇನ್ನೆರಡೇ," ಎಂದೆ.

ಆ ಹೊತ್ತಿಗೆ ನನಗೆ ಬಳಸಬಹುದಾದ ಟೇಕ್‌ಗಳು ಸಿಕ್ಕಿದ್ದವು. ಅಲ್ಲಿಗೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಹಾಳಾದ ಆ ಮೂರನೇ ಟೇಕ್ ಕಿವಿಯಲ್ಲಿ ಕೂತಿತ್ತು. ಅದಕ್ಕೆ ಸಮನಾದದ್ದು ಬೇಕಿತ್ತು. ಆಡಿದ ಸುಳ್ಳನ್ನು ನಾನೇ ನಂಬತೊಡಗಿದ್ದೆ. ನಿಜಕ್ಕೂ ನೋವು ಸಾಲುತ್ತಿಲ್ಲ ಎನ್ನಿಸತೊಡಗಿತ್ತು. ಎರಡಾದವು, ಮೂರಾದವು, ನಾಲ್ಕಾದವು. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು.

ಹದಿನೇಳನೇ ಟೇಕಿನ ಕೊನೆಯಲ್ಲಿ ಕೂಗು ಮುರಿಯಿತು. ನಿಧಾನವಾಗಿ ಸೋತದ್ದಲ್ಲ, ಒಂದೇ ಸಲಕ್ಕೆ ದನಿ ಹೋಗಿ ಬರೀ ಗಾಳಿ ಉಳಿಯಿತು. ಡೆನ್ನಿಸ್ ಕೈಯನ್ನು ಗಂಟಲಿಗೆ ಹಚ್ಚಿಕೊಂಡು ಗಾಜಿನಾಚೆಯಿಂದ ನನ್ನತ್ತ ನೋಡಿದರು. ಆಮೇಲೆ ನಕ್ಕು, ಪಿಸುದನಿಯಲ್ಲಿ ಕೇಳಿದರು:

"ಈಗ ಸಾಕಾಯ್ತಾ ನೋವು?"

ಸಾಕಾಗಿತ್ತು. ಆಟದಲ್ಲಿ ನಾವು ಬಳಸಿದ್ದು ಅದನ್ನೇ.

ಅವರು ಕೋಟು ಹಾಕಿಕೊಂಡು, ನನ್ನ ಕೈ ಕುಲುಕಿ, ಹಡರ್ಸ್‌ಫೀಲ್ಡ್ ರೈಲಿಗೆ ಹೊರಟರು. ನಾನು ಬಸ್ಸು ಹಿಡಿದು ಹೆಡಿಂಗ್ಲೀಯ ಮನೆಗೆ ಬಂದೆ. ನನ್ನ ಹೆಂಡತಿ ಶೈಲಾ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್. ಮಾತು ಮತ್ತು ಧ್ವನಿಯ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವ ಕೆಲಸ. ಅವಳು ಚಪಾತಿ ಲಟ್ಟಿಸುತ್ತಿದ್ದಳು.

"ಯಾಕ್ರಿ, ಹಿಂಗ್ಯಾಕ ಸುಮ್ಮನ ಕೂತೀರಿ?"

"ಇವತ್ತ ಒಬ್ಬರ ಧ್ವನಿ ರೆಕಾರ್ಡಿಂಗ್‌ನ್ಯಾಗ ಕೂತ ಬಿಡ್ತು."

"ಕರಗ್ಕೋತ ಹೋತೋ, ಒಂದ ಕ್ಷಣದಾಗ ಹೋತೋ?"

"ಒಂದ ಕ್ಷಣದಾಗ."

ಅವಳು ಲಟ್ಟಣಿಗೆ ಕೆಳಗಿಟ್ಟಳು. "ಅದು ದಣಿವಲ್ಲ. ಧ್ವನಿ ತಂತುವಿನೊಳಗ ರಕ್ತ ಇಳಿದಿರಬೇಕು. ಈಗಿಂದೀಗ ಫೋನ್ ಮಾಡ್ರಿ ಅವರಿಗೆ. ಒಂದ ವಾರ ಬಾಯಿ ಬಿಚ್ಚಬಾರದು ಅಂತ ಹೇಳ್ರಿ. ಪಿಸುಮಾತೂ ಬ್ಯಾಡ. ಹಾಡೋದಂತೂ ಬ್ಯಾಡೇ ಬ್ಯಾಡ. ನಾಳೆ ಮುಂಜಾನೆ ಆಸ್ಪತ್ರಿಗೆ ಹೋಗಿ ಇಎನ್‌ಟಿ ಡಾಕ್ಟರ್‌ಗೆ ತೋರಸ್ರಿ ಅನ್ರಿ. ಎಷ್ಟ ಹೊತ್ತು ಒದರಿಸಿದ್ರಿ?"

"ಎರಡ ತಾಸು," ಎಂದೆ. ಎರಡೂ ಮುಕ್ಕಾಲು ಎನ್ನಲಿಲ್ಲ.

ಫೋನ್ ಹಿಡಿದು ಹಿತ್ತಿಲಿಗೆ ಹೋದೆ. ಕರೆ ಮಾಡಿದರೆ ಆಸ್ಪತ್ರೆಯ ಮಾತು ಬರುತ್ತದೆ. ಆಸ್ಪತ್ರೆಯ ಮಾತು ಬಂದರೆ ಕೆಲಸದಲ್ಲಾದ ಗಾಯಗಳನ್ನು ಬರೆದಿಡುವ ಆಫೀಸಿನ ಅಪಘಾತ ಪುಸ್ತಕದಲ್ಲಿ ದಾಖಲಿಸಬೇಕು. ದಾಖಲಿಸಿದರೆ ಹದಿನೇಳು ಟೇಕ್ ಯಾಕೆ ಬೇಕಾಯಿತೆಂದು ಹೆಲೆನ್ ಕೇಳುತ್ತಾಳೆ. ಹೀಗೆ ಲೆಕ್ಕ ಹಾಕುತ್ತಾ ನಿಂತು, ಕೊನೆಗೆ ಒಂದು ಸಂದೇಶ ಕಳಿಸಿದೆ: ಕೆಲಸ ಅದ್ಭುತವಾಗಿತ್ತು, ಗಂಟಲಿಗೆ ಸ್ವಲ್ಪ ವಿಶ್ರಾಂತಿ ಕೊಡಿ. ಎರಡು ನಿಮಿಷದಲ್ಲಿ ಉತ್ತರ ಬಂತು: 'ಥ್ಯಾಂಕ್ಸ್ ಲ್ಯಾಡ್. ಸ್ವಲ್ಪ ಕೂತಿದೆ. ಭಾನುವಾರದ ಹೊತ್ತಿಗೆ ಸರಿಹೋಗುತ್ತೆ.'

ಭಾನುವಾರ ಹಾಡಬೇಡಿ ಎಂದು ಬರೆಯಲು ಎರಡೇ ಪದ ಸಾಕಿತ್ತು. ಅವರ ಸಂದೇಶವನ್ನು ಎರಡು ಸಲ ಓದಿ ಫೋನನ್ನು ಜೇಬಿಗೆ ಹಾಕಿಕೊಂಡೆ.

ಅಕ್ಟೋಬರ್‌ನಲ್ಲಿ, ನವರಾತ್ರಿಯ ಶನಿವಾರ, ನಾವಿಬ್ಬರೂ ಟಿವಿಡೇಲ್‌ನ ಬಾಲಾಜಿ ಗುಡಿಗೆ ಕಾರಿನಲ್ಲಿ ಹೊರಟಿದ್ದೆವು. ಮೋಟರ್‌ವೇಯಲ್ಲಿ ಶೈಲಾ ಇದ್ದಕ್ಕಿದ್ದಂತೆ ಕೇಳಿದಳು: "ಆ ಡೆನ್ನಿಸ್ ಅವರು ಡಾಕ್ಟರ್ ಕಡೆ ಹೋಗಿದ್ರೇನು? ಏನಂದ್ರಂತ?"

"ಹೋಗಿದ್ರಂತ. ಆರಾಮ ಆಗ್ಯಾರ," ಎಂದೆ.

ಅವಳು "ಛಲೋ ಆತು ಬಿಡ್ರಿ" ಎಂದು ಕಿಟಕಿಯಾಚೆ ನೋಡುತ್ತಾ ಕೂತಳು. ಗುಡಿಯಲ್ಲಿ ಸಾಲಿನಲ್ಲಿ ನಿಂತಾಗಲೂ, ಪ್ರಸಾದದ ಮೊಸರನ್ನ ತಿನ್ನುವಾಗಲೂ ನನಗೆ ಅವಳ ಮುಖ ನೋಡಲಾಗಲಿಲ್ಲ. ಡೆನ್ನಿಸ್‌ಗೆ ಆಡಿದ್ದು ಒಂದು ಸುಳ್ಳು. ಅದನ್ನು ಕಾಯಲು ಈಗ ಮನೆಯಲ್ಲೂ ಒಂದು.

ನವೆಂಬರಿನ ಮೊದಲ ವಾರ ಹೆಲೆನ್ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಟ್ರೇಲರ್ ಎಲ್ಲರಿಗೂ ಹಿಡಿಸಿತ್ತು, ಗಣಿಪಡೆಗೆ ಇನ್ನಷ್ಟು ಮಾತು ಬೇಕೆಂದು ಆಟವನ್ನು ಮಾರುಕಟ್ಟೆಗೆ ತರುವ ಪ್ರಕಾಶಕ ಕಂಪನಿಯವರು ಕೇಳಿದ್ದರು. ಅವಳು ಡೆನ್ನಿಸ್‌ಗೆ ಫೋನ್ ಮಾಡಿದ್ದಳು.

"ಮಲ್ಲಿಕ್, ಅವರ ದನಿ ಕೇಳಿದ್ದೀಯಾ ಇತ್ತೀಚೆಗೆ? ನಾನು ರಾಂಗ್ ನಂಬರ್ ಅಂದ್ಕೊಂಡೆ."

ಆ ಶನಿವಾರ ಹಡರ್ಸ್‌ಫೀಲ್ಡ್‌ಗೆ ರೈಲು ಹಿಡಿದೆ. ಇಳಿಜಾರು ಬೀದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳು. ಬಾಗಿಲು ತೆಗೆದ ಡೆನ್ನಿಸ್ "ಬಾ ಲ್ಯಾಡ್, ಒಳಗೆ ಬಾ" ಎಂದರು. ಆ ದನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ. ಅವರ ಹೆಂಡತಿ ಮಾರ್ಗರೆಟ್ ಚಹಾ ತಂದರು, ತಾವೇ ಮಾಡಿದ ಶುಂಠಿ ಕೇಕ್ ಕೊಟ್ಟರು.

ನಡೆದದ್ದನ್ನು ಡೆನ್ನಿಸ್ ನಿಧಾನವಾಗಿ ಹೇಳಿದರು. ಆ ಭಾನುವಾರ ಪ್ರಾಕ್ಟೀಸಿಗೆ ಹೋಗಿದ್ದರು. ದನಿ ಬರದಿದ್ದಕ್ಕೆ ಇನ್ನಷ್ಟು ಒತ್ತಿ ಹಾಡಿದರು. ನೆಗಡಿ ಇರಬೇಕೆಂದು ಮೂರು ವಾರ ಹಾಗೇ ಬಿಟ್ಟರು. ಆಮೇಲೆ ಜಿಪಿ, ಅಂದರೆ ಬಡಾವಣೆಯ ವೈದ್ಯರು. ಅವರು ಆಸ್ಪತ್ರೆಗೆ ಬರೆದುಕೊಟ್ಟು, ಅಲ್ಲಿ ಕ್ಯಾಮೆರಾ ಇಳಿಸಿ ನೋಡಿದಾಗ ಎಡಗಡೆಯ ಧ್ವನಿ ತಂತುವಿನಲ್ಲಿ ರಕ್ತಸ್ರಾವವಾಗಿ ಗಾಯ ಗಟ್ಟಿಕಟ್ಟಿತ್ತು. ಮಾತು ಸಾಕಷ್ಟು ಸುಧಾರಿಸಬಹುದು, ಹಾಡುವ ದನಿ ಬಹುಶಃ ಮರಳಿ ಬರಲಿಕ್ಕಿಲ್ಲ ಎಂದಿದ್ದರು ವೈದ್ಯರು. ಕಾಯರ್‌ನ ಕ್ರಿಸ್‌ಮಸ್ ಸಂಗೀತ ಕಚೇರಿಯ ಪಟ್ಟಿಯಿಂದ ಡೆನ್ನಿಸ್ ತಾವೇ ಹೆಸರು ತೆಗೆಸಿದ್ದರು.

"ಮೊದಲೇ ಯಾರಾದ್ರೂ ಸುಮ್ನಿರು ಅಂದಿದ್ರೆ ಉಳೀತಿತ್ತಂತೆ," ಎಂದರು ಮಾರ್ಗರೆಟ್. "ಇವರಿಗೆ ಯಾರು ಹೇಳ್ಬೇಕು?"

ಡೆನ್ನಿಸ್ ಕೈ ಅಲ್ಲಾಡಿಸಿದರು. "ತಪ್ಪು ನನ್ನದೇ. ನಿನಗೆ ಬೇಕಾದ್ದು ನನಗೆ ಬೇಗ ಕೊಡೋಕಾಗ್ಲಿಲ್ಲ. ಎಂಟರಲ್ಲಿ ಕೊಟ್ಟಿದ್ರೆ ಹದಿನೇಳರ ತನಕ ಹೋಗೋದೇ ಬೇಕಿರ್ಲಿಲ್ಲ. ನಿನ್ನ ಸಮಯಾನೂ ಹಾಳು ಮಾಡ್ದೆ. ಸಾರಿ, ಲ್ಯಾಡ್."

ಅವರು ನನ್ನ ಕ್ಷಮೆ ಕೇಳುತ್ತಿದ್ದರು. ಬಾಯಿಯಲ್ಲಿ ಕೇಕ್ ಇತ್ತು. ಅದನ್ನು ನುಂಗಿ, "ಹಾಗೇನಿಲ್ಲ, ನೀವು ಚೆನ್ನಾಗಿ ಮಾಡಿದ್ರಿ" ಎಂದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬರುವುದು ಸಾಧ್ಯವಿರಲಿಲ್ಲ. ಇನ್ನೊಂದು ಕಪ್ ಚಹಾ ಕುಡಿದು, ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಸ್ಟೇಷನ್ನಿಗೆ ಇಳಿದು ಬಂದೆ.

ಆಟ 2014ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ವಿಮರ್ಶಕರು ಕಥೆಯನ್ನು ಅಷ್ಟಾಗಿ ಮೆಚ್ಚಲಿಲ್ಲ, ಧ್ವನಿಯನ್ನು ಹೊಗಳಿದರು. ಒಬ್ಬರು ಬರೆದರು: ಈ ಸೈನಿಕರನ್ನು ಬೆಂಕಿಗೆ ಕಳಿಸಲು ಕೈ ಬರುವುದಿಲ್ಲ, ಅವರು ನಿಜವಾಗಿ ಸಾಯುತ್ತಾರೆ. ಹೆಲೆನ್ ಆ ಸಾಲನ್ನು ಮುದ್ರಿಸಿ ನಮ್ಮ ಕೋಣೆಯ ಬಾಗಿಲಿಗೆ ಅಂಟಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಪ್ರತಿದಿನ ಆ ಬಾಗಿಲು ತೆರೆದೇ ಒಳಗೆ ಹೋಗಬೇಕಿತ್ತು.

ಒಂದು ವಾರ ಹಾಗೆ ಹೋದ ಮೇಲೆ, ಒಂದು ಸಂಜೆ ಶೈಲಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು. ಬೈಯಲಿಲ್ಲ.

"ಟಿವಿಡೇಲ್‌ಗೆ ಹೋಗೂ ಮುಂದ ನಾ ಕೇಳಿದ್ದೆ," ಎಂದಳು. "ಅವತ್ತ ಹೇಳಿದ್ರ ನಾನೇ ಫೋನ್ ಮಾಡ್ತಿದ್ದೆ. ಇದು ನನ್ನ ಕೆಲಸ ಅಲ್ಲೇನ್ರಿ?" ಆಮೇಲೆ ಎದ್ದು ಹೋದಳು. ನಾಲ್ಕು ದಿನ ನಮ್ಮ ಮನೆಯಲ್ಲಿ ಬೇಕಾದಷ್ಟೇ ಮಾತು.

ಮರು ಶನಿವಾರ ಮತ್ತೆ ಹಡರ್ಸ್‌ಫೀಲ್ಡ್‌ಗೆ ಹೋದೆ. ಅದೇ ಕೋಣೆ, ಅದೇ ಕುರ್ಚಿ. ಈ ಸಲ ಚಹಾ ಬರುವುದಕ್ಕೂ ಮೊದಲೇ ಹೇಳಿಬಿಟ್ಟೆ. ಗೇನ್ ಇಳಿಸಲು ಮರೆತದ್ದು, ಎಂಟು ಟೇಕ್ ನನ್ನಿಂದ ಹಾಳಾದದ್ದು, ನೋವು ಸಾಲುತ್ತಿಲ್ಲ ಎಂದು ಸುಳ್ಳು ಹೇಳಿದ್ದು. ಅವತ್ತೇ ಸಂಜೆ ನನ್ನ ಹೆಂಡತಿ ಕೊಟ್ಟ ಸಲಹೆಯನ್ನು ನಾನು ದಾಟಿಸದೇ ಇದ್ದದ್ದು.

ಡೆನ್ನಿಸ್ ಕುರ್ಚಿಯನ್ನು ನನ್ನತ್ತ ಎಳೆದುಕೊಂಡರು. ಆಮೇಲೆ ಕೇಳಿದರು: "ಹಾಗಾದ್ರೆ ಮೊದಲನೇವು ಚೆನ್ನಾಗಿದ್ವಾ?"

"ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿತ್ತು. ಅಂಥದ್ದು ನಾನು ಈ ಕೆಲಸದಲ್ಲಿ ಕೇಳಿಲ್ಲ."

ಅವರು ತಲೆಯಾಡಿಸಿದರು. "ಯಂತ್ರ ಕೆಟ್ಟಿತ್ತು ಅಂತ ಅವತ್ತೇ ಹೇಳಿದ್ರೆ, ನಾನು ಸೋಮವಾರ ಬರ್ತೀನಿ ಅಂತಿದ್ದೆ. ನನಗೇನು ಕೆಲಸ ಇತ್ತು? ಬಸ್ ಪಾಸ್ ಇದೆ."

ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಮಾರ್ಗರೆಟ್ ಅದನ್ನು ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ.

"ನವೆಂಬರಿನಲ್ಲಿ ಇಲ್ಲೇ ಕೂತಿದ್ದೆ ನೀನು. ಇವರು ನಿನ್ನ ಹತ್ರ ಸಾರಿ ಕೇಳಿದ್ರು. ನೀನು ಕೇಳಿಸ್ಕೊಂಡೆ. ನನ್ನ ಕೇಕ್ ತಿಂದೆ, ಹೋದೆ."

"ಮಾರ್ಗರೆಟ್," ಎಂದರು ಡೆನ್ನಿಸ್.

"ಇಲ್ಲ, ಹೇಳ್ಬೇಕು. ಗಂಟಲು ಹೋಯ್ತು, ಅದು ಅಪಘಾತ. ಆದರೆ ನನ್ನ ಕೈಲಿ ಆಗ್ಲಿಲ್ಲ, ನನ್ನ ಕೈಲಿ ಆಗ್ಲಿಲ್ಲ ಅಂತ ಆರು ತಿಂಗಳು ಈ ಮನೇಲಿ ಓಡಾಡಿದ್ದಾರೆ. ಅದನ್ನ ನೀನು ಮಾಡಿದ್ದು."

ಡೆನ್ನಿಸ್ ನನ್ನನ್ನು ಬಾಗಿಲ ತನಕ ಬಿಟ್ಟರು. "ಬಂದು ಹೇಳಿದ್ದು ಒಳ್ಳೇದಾಯ್ತು," ಎಂದರು. ಆಮೇಲೆ, ನಯವಾಗಿಯೇ, "ಇನ್ನು ಬರಬೇಡ, ಲ್ಯಾಡ್," ಎಂದರು.

ಸೋಮವಾರ ಹೆಲೆನ್‌ಗೆ ಎಲ್ಲವನ್ನೂ ಬರೆದು ಕೊಟ್ಟೆ. ಅಪಘಾತ ಪುಸ್ತಕದಲ್ಲಿ ಆರು ತಿಂಗಳು ತಡವಾಗಿ ದಾಖಲಾಯಿತು. ನನ್ನ ಮೇಲೆ ವಿಚಾರಣೆ ನಡೆದು, ಲೀಡ್ ಹುದ್ದೆಯಿಂದ ಕೆಳಗಿಳಿಸಿದರು. ಅದು ನ್ಯಾಯವೇ ಆಗಿತ್ತು. ಡೆನ್ನಿಸ್‌ರ ಧ್ವನಿ ಚಿಕಿತ್ಸೆಯನ್ನು ಕಂಪನಿ ವಹಿಸಿಕೊಂಡಿತು. ಮಾತು ಬಹುಮಟ್ಟಿಗೆ ಸುಧಾರಿಸಿತೆಂದು ಹೆಲೆನ್‌ಳಿಂದ ತಿಳಿಯಿತು. ಹಾಡು ಬರಲಿಲ್ಲ. ಹದಿನೇಳನೇ ಟೇಕನ್ನು ಆಟದಿಂದ ತೆಗೆದುಬಿಡೋಣವೇ ಎಂದು ಅವಳು ಅವರನ್ನು ಕೇಳಿದ್ದಳು. "ತೆಗೀಬೇಡಿ. ತೆಗೆದ್ರೆ ಸುಮ್ಮಸುಮ್ಮನೆ ಕೂಗಿದ ಹಾಗಾಗುತ್ತೆ," ಎಂದರಂತೆ. ಆ ಕೂಗು ಇವತ್ತಿಗೂ ಆಟದಲ್ಲಿದೆ. ಎಲ್ಲೆಲ್ಲೋ ಕೂತ ಆಟಗಾರರು ಅದನ್ನು ಕೇಳುತ್ತಿರುತ್ತಾರೆ. ನಾನು ಆ ಆಟವನ್ನು ಮತ್ತೆ ತೆರೆದಿಲ್ಲ.

ಮರುವರ್ಷ ಆ ಸ್ಟುಡಿಯೋ ಬಿಟ್ಟು ಮ್ಯಾಂಚೆಸ್ಟರ್‌ನ ಇನ್ನೊಂದಕ್ಕೆ ಸೇರಿದೆ. ಕೂಗಾಟದ ಕೆಲಸಕ್ಕೆ ಹೊತ್ತಿನ ಮಿತಿ, ಬಿಡುವಿನ ನಿಯಮ ಇವೆಲ್ಲ ಈಗ ನನ್ನ ಸೆಷನ್‌ಗಳಲ್ಲಿ ಕಡ್ಡಾಯ. ಟೇಕ್ ಪಟ್ಟಿಯಲ್ಲಿ ಒಂದು ಹೆಚ್ಚುವರಿ ಕಾಲಂ ಇಟ್ಟಿದ್ದೇನೆ. ಮತ್ತೆ ಮಾಡಿಸಿದ್ದು ಯಾಕೆ, ಯಾರ ಕಾರಣಕ್ಕೆ ಎಂದು ಅದರಲ್ಲಿ ಬರೆಯಬೇಕು. ಆದರೆ ಈ ಕೆಲಸ ನನಗೆ ಕಲಿಸಿದ್ದು ಆ ನಿಯಮಗಳನ್ನಲ್ಲ. ನಿಯಮ ಅವತ್ತೂ ಇತ್ತು, ಹೆಲೆನ್ ಬರೆದೇ ಇಟ್ಟಿದ್ದಳು. ಯಂತ್ರದ ಈಚೆ ಕೂತವನ ಮಾತನ್ನು ಆಚೆ ನಿಂತವರು ನಂಬುತ್ತಾರೆ. ಚೆನ್ನಾಗಿಲ್ಲ ಎಂದರೆ ತಮ್ಮದೇ ಕೊರತೆ ಎಂದುಕೊಂಡು ಇನ್ನಷ್ಟು ಕೊಡುತ್ತಾರೆ. ಆ ನಂಬಿಕೆಯ ಮರೆಯಲ್ಲಿ ನಮ್ಮ ತಪ್ಪನ್ನು ಅಡಗಿಸಿಟ್ಟರೆ ಅದನ್ನು ಅವರ ಮೈ ತೀರಿಸಬೇಕಾಗುತ್ತದೆ.

2017ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಒಬ್ಬ ನಟಿಯ ಧ್ವನಿ ತೆಗೆದುಕೊಳ್ಳುತ್ತಿದ್ದೆ. ಒಂದು ಗಂಟೆಯ ಕೆಲಸ ಮುಗಿದ ಮೇಲೆ ನೋಡಿದರೆ, ಆಕೆಯ ಮುಂದಿದ್ದ ಮೈಕಿನ ಬದಲು ಬೇರೊಂದನ್ನು ಆಯ್ಕೆ ಮಾಡಿಟ್ಟಿದ್ದೆ. ಏನೂ ಸರಿಯಾಗಿ ದಾಖಲಾಗಿರಲಿಲ್ಲ. ಗುಂಡಿ ಒತ್ತಿ ಹೇಳಿದೆ: "ಕ್ಷಮಿಸಿ, ನನ್ನಿಂದ ತಪ್ಪಾಗಿದೆ. ನೀವು ಮಾಡಿದ್ದೆಲ್ಲ ಚೆನ್ನಾಗಿತ್ತು. ನಾನು ಮೈಕ್ ತಪ್ಪಾಗಿ ಹಾಕಿದ್ದೆ. ಮತ್ತೆ ಮಾಡಬೇಕು, ಇವತ್ತು ಬೇಡ."

ಆಕೆ ಗಾಜಿನಾಚೆ ಕಣ್ಣು ಹೊರಳಿಸಿ ನಕ್ಕಳು. "ಅಯ್ಯೋ, ಇಷ್ಟೇನಾ? ಗುರುವಾರ ಹತ್ತು ಗಂಟೆಗೆ ಆಗುತ್ತಾ?"

"ಆಗುತ್ತೆ," ಎಂದೆ. ಆಕೆ ಛತ್ರಿ ಎತ್ತಿಕೊಂಡು ಹೋದಳು. ಹೇಳಿ ಮುಗಿಸಲು ಹತ್ತು ಸೆಕೆಂಡೂ ಹಿಡಿದಿರಲಿಲ್ಲ.